ಭಾನುವಾರ ನೋಡಿ ಹೊಳೆಗೆ ಇಳೀಬೇಡಿ

ಕೂಸೇ ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ, ದೋಸೆ ಹುಯ್ತಾ ಇದ್ದೆ ಹಾಗಾಗಿ ಈಗ ಹೇಳ್ತೇನೆ. ವಾಯ್ಸ್ ಕಳಿಸಿದ್ರೆ ಕೆಳಗಿನಮನೆಯವರು ಕೇಳೋದೇ ಇಲ್ಲ, ಅದಕ್ಕೆ ಮೈಕ್ ಒತ್ತಿ ಮಾತಾಡ್ತಿದ್ದೇನೆ ಅದೇ ಟೈಪ್ ಮಾಡ್ಕೊಳ್ತದೆ, ತಪ್ಪಿದ್ರೆ ನೀವೇ ತಿದ್ಕೊಳ್ಳಿ. ಅಪ್ಪ ರಿಟೈರ್ ಆಗಿ ಮೂರು ತಿಂಗಳಾಗಿಲ್ಲ, ಆಗಲೇ ಈ ಭಾನುವಾರ ಹೈಸ್ಕೂಲ್ ಮಕ್ಕಳನ್ನ ಕಟ್ಕೊಂಡು ಅಘನಾಶಿನಿ ಹೊಳೆ ಸಮುದ್ರ ಸೇರೋ ಅಳಿವೆಲಿ ಕಾಂಡ್ಲಾ, ಅದೇ ಮ್ಯಾಂಗ್ರೋವ್ ಗಿಡ, ನೆಡೋಕೆ ಹೊರಟಿದ್ದಾರೆ, ಬಿಪಿ ಇದೆ ಮಂಡಿ ನೋವಿದೆ ಬೇಡ ಅನ್ನಲಾ ಅತ್ತೆ ಅಂತ ಕೇಳಿದ್ದೀಯಲ್ಲ. ಬಿಪಿ ವಿಷಯ ಬಿಡು ಮಾರಾಯ್ತಿ, ಅಪ್ಪಯ್ಯ ಬಿಟ್ಟು ಹೋಗಿದ್ರಲ್ಲಿ ಜಗಳ ಇಲ್ಲದೆ ಎಲ್ಲರಿಗೂ ಸಮ ಪಾಲಾಗಿದ್ದು ಅದೊಂದೇ.

ನನಗೆ ಹೆದರಿಕೆ ಬಿಪಿದಲ್ಲ, ಭಾನುವಾರದ್ದು. ಯಾಕೆ ಅಂತ ಹೇಳ್ತೇನೆ ಕೇಳು, ಇದನ್ನ ಪೂರ್ತಿ ಯಾರಿಗೂ ಹೇಳಿಲ್ಲ, ಪುಣೆಯವಳಿಗೆ ಬಚ್ಚಲಲ್ಲಿ ಜಾರಿದ್ದು ಅಂತಲೇ ಹೇಳಿದ್ದು, ಇವತ್ತು ಗೊತ್ತಾಗ್ಲಿ.

ನಾನು ಧಾರವಾಡ ಬಿಟ್ಟು ಸಿರ್ಸಿಗೆ ಬಂದ ಎರಡನೇ ಮಳೆಗಾಲ. ಮೂವತ್ತೊಂದು ವರ್ಷ ಯೂನಿವರ್ಸಿಟಿಲಿ ಬಾಟನಿ ಪಾಠ ಮಾಡಿದವಳು, ಕಾಂಡ್ಲಾ ಬೇರು ಯಾಕೆ ಮಣ್ಣಿನಿಂದ ಮೇಲೆ ಬಂದು ಉಸಿರಾಡ್ತದೆ ಅಂತ ಬೋರ್ಡ್ ಮೇಲೆ ನಿದ್ದೆಲೂ ಬರೀತಿದ್ದೆ, ಆದ್ರೆ ಆ ಕೆಸರಲ್ಲಿ ಕಾಲಿಟ್ಟಿದ್ದು ಎಷ್ಟು ಸಲ, ಸ್ಟಡಿ ಟೂರಲ್ಲಿ ಮೂರೋ ನಾಲ್ಕೋ ಸಲ ಅಷ್ಟೆ. ಒಂದು ಭಾನುವಾರ ಹದಿನಾಲ್ಕು ಮಕ್ಕಳನ್ನ ಕರ್ಕೊಂಡು ಹೋದೆ, ಮಧ್ಯಾಹ್ನ ಹನ್ನೆರಡಕ್ಕೆ ಇಳಿತ, ಆರಾಮಾಗಿ ನೆಟ್ಟು ಬಂದ್ವಿ. ಮುಂದಿನ ಭಾನುವಾರ ಉಳಿದ ಕೋಡು, ಅಂದ್ರೆ ಕಾಂಡ್ಲಾದ ಮೊಳೆತ ಉದ್ದ ಬೀಜ, ನೆಡೋದಿತ್ತು, ಬಿಸಿಲು ಬೇಡ ಅಂತ ಬೆಳಿಗ್ಗೆ ಏಳಕ್ಕೇ ಇಳಿದೆ, ತಲೆಲಿ ಏನು ಲೆಕ್ಕ, ಹೋದ ವಾರ ಹನ್ನೆರಡಕ್ಕೆ ಇಳಿತ ಇತ್ತಲ್ಲ ಇನ್ನೂ ಐದು ತಾಸಿದೆ ಅಂತ. ನೋಡೋಕೂ ಕೆಸರು ಖಾಲಿನೇ ಇತ್ತು.

ಈಗ ನೀನೇ ಲೆಕ್ಕ ಹಾಕು, ನೀನು ಇಂಜಿನಿಯರ್ ಅಲ್ವಾ. ಭರತ ಇಳಿತ ದಿನಾ ಸುಮಾರು ಐವತ್ತು ನಿಮಿಷ ಮುಂದೆ ಹೋಗ್ತದೆ, ಚಂದ್ರ ದಿನಾ ಅಷ್ಟು ತಡ ಮಾಡಿ ಬರ್ತಾನಲ್ಲ ಹಾಗೆ. ಏಳು ದಿನಕ್ಕೆ ಎಷ್ಟಾಯ್ತು, ಹತ್ತಿರ ಹತ್ತಿರ ಆರು ತಾಸು. ಅಂದ್ರೆ ಹೋದ ಭಾನುವಾರ ಹನ್ನೆರಡಕ್ಕೆ ಇಳಿತ ಇದ್ರೆ ಈ ಭಾನುವಾರ ಹನ್ನೆರಡಕ್ಕೆ ತುಂಬು ಭರತ! ವಾರದಿಂದ ವಾರಕ್ಕೆ ಹೊಳೆ ಪೂರ್ತಿ ತಲೆಕೆಳಗಾಗ್ತದೆ. ಇದು ಮೀನು ಹಿಡಿಯೋರ ಮನೆಯ ಐದು ವರ್ಷದ ಮಗುಗೂ ಗೊತ್ತು, ಪಿಎಚ್‌ಡಿ ಮಾಡಿದ ನಂಗೆ ಹೊಳೆಲೇ ಹೊಳೀಲಿಲ್ಲ. ಸಾಲದ್ದಕ್ಕೆ ಮೊದಲ ಭಾನುವಾರ ಅಷ್ಟಮಿ ಎದುರು, ನೀರು ಮಂದ. ಎರಡನೇದು ಅಮಾಸೆ ಮಾರನೇ ದಿನ, ನೀರಿಗೆ ಜೋರು. ಏಕಾದಶಿ ಯಾವಾಗ ಪ್ರದೋಷ ಯಾವಾಗ ಅಂತ ದಿನಾ ಪಂಚಾಂಗ ನೋಡೋ ಮನೆ ನಮ್ಮದು, ಹೊಳೆಗೆ ಹೋಗುವಾಗ ಮಾತ್ರ ನಾನು ನೋಡಿದ್ದು ಕೆಂಪಕ್ಷರದ ಭಾನುವಾರ.

ಬೆಳಿಗ್ಗೆ ಐದೂವರೆಗೇ ಇಳಿತ ಮುಗಿದು ನೀರು ತಿರುಗಿತ್ತು ಅನ್ನೋದು ಆಮೇಲೆ ಗೊತ್ತಾಗಿದ್ದು. ತಿರುಗಿದ ಮೊದಲ ತಾಸು ಅದು ಮಲಗಿದ ಹಾಗೇ ಇರ್ತದೆ, ಮೂರನೇ ನಾಲ್ಕನೇ ತಾಸಿಗೆ ಓಡ್ಕೊಂಡು ಬರ್ತದೆ. ಬರೋದೂ ಎದುರಿಂದಲ್ಲ ಮತ್ತೆ, ನೀವು ಹೊಳೆ ಕಡೆ ನೋಡ್ತಾ ಇರ್ತೀರಿ, ನೀರು ಬೆನ್ನ ಹಿಂದೆ ಸಣ್ಣ ಸಣ್ಣ ಕಾಲುವೆ ತುಂಬ್ಕೊಂಡು ದಂಡೆಗೂ ನಿಮಗೂ ನಡುವೆ ನಿಂತಿರ್ತದೆ. ಒಬ್ಬ ಹುಡುಗ ಅಕ್ಕೋರೇ ಚಪ್ಪಲಿ ತೇಲ್ತಾ ಇದೆ ಅಂದಾಗ ತಿರುಗಿ ನೋಡಿದೆ. ಮಕ್ಕಳೆಲ್ಲ ಹಗುರ, ಕೈ ಕೈ ಹಿಡ್ಕೊಂಡು ಮಂಡಿ ನೀರಲ್ಲಿ ದಾಟಿಬಿಟ್ವು, ನಾನು ಅವರನ್ನ ಎಣಿಸ್ತಾ ಗಡಿಬಿಡಿಲಿ ಕಾಲು ಕಿತ್ತು ಕಿತ್ತು ಇಟ್ಟು ಮಂಡಿ ತನಕ ಹೂತು ಹೋದೆ. ಒಂದು ಕಾಲು ಎಳೆದ್ರೆ ಇನ್ನೊಂದು ಇಳೀತದೆ. ಬಳಚು, ಅದೇ ಚಿಪ್ಪಿಮೀನು, ಆರಿಸೋಕೆ ಬಂದಿದ್ದ ಹೆಂಗಸೊಬ್ಬಳು ದೋಣಿಲಿ ಬಂದು, ಅಕ್ಕೋರೇ ನಿಲ್ಬೇಡಿ ಮಲ್ಕೊಳ್ಳಿ ಅಂತ ಬೈದಳು ನನ್ನನ್ನ. ಬೋರಲು ಮಲಗಿ, ಕೆಸರು ತಿಂದು, ದೋಣಿ ಅಂಚು ಹಿಡಿದು ಹೊರಗೆ ಬಂದೆ. ಹದಿನಾಲ್ಕು ಮಕ್ಕಳು ದಂಡೆ ಮೇಲೆ ಸಾಲಾಗಿ ನಿಂತು ನೋಡ್ತಿದ್ದಾರೆ, ಯಾರೂ ನಗಲಿಲ್ಲ, ಅದೇ ನಂಗೆ ಇವತ್ತಿಗೂ ನೆನಪಾಗೋದು. ಮಂಡಿ ಉಳುಕಿದ್ದು ಆರು ವಾರ. ಅದಕ್ಕೇ ಹೇಳೋದು, ಭಾನುವಾರ ನೋಡಿ ಹೊಳೆಗೆ ಇಳೀಬೇಡಿ, ತಿಥಿ ನೋಡಿ ಇಳೀರಿ.

ಆ ಆರು ವಾರ ನೀವೆಲ್ಲ ಏನೇನು ಹೇಳಿದ್ರಿ ನೆನಪಿದ್ಯಾ, ಬಚ್ಚಲಲ್ಲಿ ಜಾರಿದ್ದಕ್ಕೇ ಇಷ್ಟು, ಅತ್ತೆ ಇನ್ನು ಊರು ತಿರುಗೋದು ಸಾಕು ವಯಸ್ಸಾಯ್ತು ಅಂತ. ಸರಿ. ಅದಾಗಿ ನಾಲ್ಕು ತಿಂಗಳಿಗೆ ಪುಣೆಯವಳ ಬಾಣಂತನಕ್ಕೆ ಮೂರು ತಿಂಗಳು ಹೋದೆ, ಆಗ ವಯಸ್ಸಾಗಿರಲಿಲ್ಲ. ಕೆಳಗಿನಮನೆ ಹುಡುಗನಿಗೆ ಪಿಯುಸಿ ಬಯಾಲಜಿ ಒಂದು ವರ್ಷ ಪುಕ್ಕಟೆ ಹೇಳ್ಕೊಟ್ಟೆ, ಆಗಲೂ ಇಲ್ಲ. ಯಾರದ್ದೋ ಆಧಾರ್, ಯಾರದ್ದೋ ಪಹಣಿ, ಯಾರದ್ದೋ ಬ್ಯಾಂಕ್ ಕ್ಯೂ, ದೊಡ್ಡತ್ತೆ ಖಾಲಿ ಇದ್ದಾಳಲ್ಲ ಪೆನ್ಶನ್ ಬರ್ತದಲ್ಲ. ಮಾಡೋಕೆ ಬೇಜಾರಿಲ್ಲ ಮತ್ತೆ, ಮನೆ ಅಂದ್ಮೇಲೆ ಮಾಡ್ಬೇಕು, ಖುಷಿಯಿಂದಲೇ ಮಾಡಿದ್ದು. ಆದ್ರೆ ನಿಮ್ಮ ಕೆಲಸಕ್ಕೆ ಹೋದ್ರೆ ಗಟ್ಟಿ ಹೆಂಗಸು, ನನ್ನ ಕೆಲಸಕ್ಕೆ ಹೋದ್ರೆ ಮುದುಕಿ, ಇದ್ಯಾವ ನ್ಯಾಯ. ಇನ್ನು ಅಲ್ಲಿ ಹೊಳೆ ಕಡೆ ನೋಡಿದ್ರೆ, 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಜಗತ್ತಿನ ಮುಖ್ಯ ಜೌಗು ಜಾಗಗಳ ಪಟ್ಟಿ ಅದು, ಸೇರಿದ ಮೇಲೆ ಬ್ಯಾನರ್ ಹಿಡ್ಕೊಂಡು ಬರೋರು ಜಾಸ್ತಿ ಆಗಿದ್ದಾರೆ, ಒಂದು ಗಿಡಕ್ಕೆ ಎಂಟು ಜನ ಕೈ ಹಚ್ಚಿ ಫೋಟೋ, ಮುಂದಿನ ವರ್ಷ ಅದು ಬದುಕಿದ್ಯಾ ಅಂತ ನೋಡೋಕೆ ಬರೋರು ಮೂರು ಜನ ನಿವೃತ್ತ ಮಾಸ್ತರು. ಹಾಂ ಕುಕ್ಕರ್ ಕೂಗ್ತು, ತಡಿ.

ಬಂದೆ. ಎಲ್ಲಿಗೆ ಬಂದಿದ್ದೆ... ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರನೇ ಹೇಳಿಲ್ಲ.

ಬೇಡ ಅನ್ಬೇಡ. ಬೇಡ ಅಂದ್ರೆ ಅವನು ದಿನವಿಡೀ ಟಿವಿ ಮುಂದೆ ಕೂತು ಬಿಪಿ ಏರಿಸ್ಕೊಳ್ತಾನೆ. ಈ ಭಾನುವಾರ ದಶಮಿ, ಪಂಚಾಂಗ ತೆಗೆದು ನೋಡಿದೆ. ನನ್ನ ಅಂದಾಜಲ್ಲಿ ಇಳಿತ ಮಧ್ಯಾಹ್ನ ಒಂದರ ಸುಮಾರು, ಆದ್ರೆ ಅಳಿವೆ ಬಾಯಿಂದ ಒಳಗೆ ಹೋದಷ್ಟೂ ತಡ ಆಗ್ತದೆ, ಅದಕ್ಕೆ ಹಿಂದಿನ ದಿನವೇ ಅಲ್ಲಿ ದೋಣಿಯವರ ಹತ್ರ ಕೇಳ್ಕೊಳ್ಳೋಕೆ ಹೇಳು. ನೀರು ಇಳೀತಾ ಇರುವಾಗ ಹತ್ತೂವರೆ ಹನ್ನೊಂದಕ್ಕೆ ಇಳೀಲಿ, ತಿರುಗೋ ಮೊದಲು ದಂಡೆ ಮೇಲಿರ್ಬೇಕು, ಎಷ್ಟು ಕೋಡು ಉಳಿದ್ರೂ ಸರಿ. ಶನಿವಾರ ಘಟ್ಟದ ಮೇಲೆ ಜೋರು ಮಳೆ ಆದ್ರೆ ಹೋಗೋದೇ ಬೇಡ, ಆ ಹೊಳೆಗೆ ಅಣೆಕಟ್ಟು ಇಲ್ಲ, ಇಲ್ಲಿ ಸಿರ್ಸಿಲಿ ಬಿದ್ದಿದ್ದು ಸೀದಾ ಅಲ್ಲಿಗೆ. ಚಪ್ಪಲಿ ಬೇಡ, ಲೇಸ್ ಕಟ್ಟೋ ಹಳೇ ಕ್ಯಾನ್ವಾಸ್ ಶೂ, ಬರಿಗಾಲಂತೂ ಬೇಡ, ಚಿಪ್ಪು ಕೊಯ್ತದೆ. ತಿಂಡಿ ತಿಂದು ಬಿಪಿ ಮಾತ್ರೆ ತಗೊಂಡೇ ಹೊರಡ್ಲಿ. ಮತ್ತೆ ಒಂದು ಸಲ ಹೇಳ್ತೇನೆ, ಈ ವಾರ ಸರಿ ಹೋಯ್ತು ಅಂತ ಮುಂದಿನ ವಾರ ಅದೇ ಹೊತ್ತಿಗೆ ಹೋಗೋದಲ್ಲ, ಭಾನುವಾರ ನೋಡಿ ಇಳೀಬೇಡಿ.

ಇನ್ನೊಂದು, ಅವನು ಎಕನಾಮಿಕ್ಸ್ ಮಾಸ್ತರು, ಕಾಂಡ್ಲಾ ಕೋಡಿನ ಚೂಪು ತುದಿ ಕೆಳಗೆ ಅಂತ ಹೇಳಿಡು, ತಲೆಕೆಳಗೆ ನೆಟ್ಟಾನು. ಅಥ್ವಾ ಬೇಡ ನೀ ಹೇಳ್ಬೇಡ, ನಾನೇ ಬರ್ತೇನೆ, ಕೆಸರಿಗಲ್ಲ, ದಂಡೆ ಮೇಲೆ ಕೊಡೆ ಹಿಡ್ಕೊಂಡು ವಾಚ್ ನೋಡ್ತಾ ಕೂರ್ತೇನೆ. ಕಾರಲ್ಲಿ ಮುಂದಿನ ಸೀಟ್ ಇಡೋಕೆ ಹೇಳು, ದೇವಿಮನೆ ಘಟ್ಟದಲ್ಲಿ ಹಿಂದೆ ಕೂತ್ರೆ ನಂಗೆ ವಾಂತಿ ಬರ್ತದೆ.