ಇತಿಹಾಸದ ದೊಡ್ಡ ಭೂಕಂಪಗಳು: ಎಂಜಿನಿಯರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ, ಇತಿಹಾಸದ ದೊಡ್ಡ ಭೂಕಂಪಗಳು ಮತ್ತು ಅವು ಜನರ ಬದುಕನ್ನು ಏನು ಮಾಡಿದವು ಅನ್ನೋದು. ಉತ್ತರ ಕೊಡುವವರು ನಮ್ಮ ಗ್ರೂಪಿನ ಎಂಜಿನಿಯರ್ ಮೇಡಂ. ಹಳೇ ಕಟ್ಟಡಗಳನ್ನು ಭೂಕಂಪ ತಡೆಯುವ ಹಾಗೆ ಗಟ್ಟಿ ಮಾಡೋದು ಅವರ ಕೆಲಸ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸಮಾಜ ಟೀಚರ್: ನಮಸ್ತೆ ಮೇಡಂ. 1993ರಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪ 6.2 ತೀವ್ರತೆಯದ್ದು. 2010ರಲ್ಲಿ ಚಿಲಿಯಲ್ಲಿ ಆಗಿದ್ದು 8.8. ಅಲ್ಲಿ ಸತ್ತವರು ಸುಮಾರು 500, ಇಲ್ಲಿ ಎಂಟು–ಹತ್ತು ಸಾವಿರ. ಮಕ್ಕಳು ಯಾಕೆ ಅಂತ ಕೇಳಿದರೆ ಏನು ಹೇಳಲಿ?

ಎಂಜಿನಿಯರ್: ಮನೆಗಳಿಂದಾಗಿ ಅಂತ ಹೇಳಿ. ಕಿಲ್ಲಾರಿಯಲ್ಲಿ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಆಗಿದ್ದು. ಹಿಂದಿನ ದಿನ ಗಣೇಶನ ವಿಸರ್ಜನೆ, ಜನ ತಡವಾಗಿ ಮಲಗಿದ್ದರು. ಎರಡು ಅಡಿ, ಮೂರು ಅಡಿ ದಪ್ಪದ ಕಲ್ಲಿನ ಗೋಡೆಗಳು, ಮಧ್ಯೆ ಬರೀ ಮಣ್ಣಿನ ಗಾರೆ. ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುವುದು ರೂಢಿ, ಹಾಗಾಗಿ ಅದರ ಭಾರ ವರ್ಷ ವರ್ಷಕ್ಕೆ ಜಾಸ್ತಿ ಆಗುತ್ತಾ ಹೋಗುತ್ತದೆ. ಚಿಲಿಯವರು ಮೊದಲಿನ ಪೆಟ್ಟುಗಳಿಂದ ಕಲಿತು ಕಟ್ಟಡ ನಿಯಮ ಬಿಗಿ ಮಾಡಿಕೊಂಡಿದ್ದರು. ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯ 1ರಲ್ಲಿತ್ತು. 2002ರಲ್ಲಿ ನಕ್ಷೆ ಬದಲಾಯಿತು, ಆ ಭಾಗ ವಲಯ 3ಕ್ಕೆ ಬಂತು.

ಬಿ.ಎ. ವಿದ್ಯಾರ್ಥಿ: ಭೂಕಂಪ ಯಾವಾಗ ಆಗುತ್ತೆ ಅಂತ ಮೊದಲೇ ಹೇಳಬಹುದಾ ಮೇಡಂ?

ಎಂಜಿನಿಯರ್: ಇಲ್ಲ. ಎಲ್ಲಿ ಆಗಬಹುದು ಅಂತ ಹೇಳಬಹುದು. ದಿನ, ಗಂಟೆ ಯಾರೂ ಹೇಳಲಾರರು.

ಕಲ್ಲುಮನೆ ಸದಸ್ಯ: ಮೇಡಂ, ನಮ್ಮದೂ ನೀವು ಹೇಳಿದಂಥದ್ದೇ ಮನೆ, ಅಜ್ಜ ಕಟ್ಟಿಸಿದ್ದು. ಒಳಗೆ ಕಟ್ಟಿಗೆ ಕಂಬ, ತೊಲೆ ಇವೆ. ಕಂಬ ಅಡ್ಡ ಬರುತ್ತವೆ ಅಂತ ಮೇಸ್ತ್ರಿ ಅವನ್ನು ತೆಗೆದು, ಅದೇ ಗೋಡೆ ಮೇಲೆ ಆರ್‌ಸಿಸಿ ಸ್ಲ್ಯಾಬ್ ಹಾಕೋಣ ಅಂತಿದ್ದಾನೆ. ಹೊರಗೆ ಸಿಮೆಂಟ್ ಗಿಲಾವು ಮಾಡಿಸಿದ್ದೇವೆ. ಒಂದು ಕಡೆ ಗೋಡೆ ಸ್ವಲ್ಪ ಹೊಟ್ಟೆ ಬಿಟ್ಟಿದೆ. ಹೆದರಬೇಕಾ?

ಎಂಜಿನಿಯರ್: ಮೊದಲು ಕೆಲಸ ನಿಲ್ಲಿಸಿ. ಕಂಬ ಮುಟ್ಟಬೇಡಿ.

ಕಿಲ್ಲಾರಿಯಲ್ಲಿ ಎಷ್ಟೋ ಮನೆಗಳ ಗೋಡೆ ಪೂರ್ತಿ ಕುಸಿದರೂ ಒಳಗಿನ ಕಂಬ-ತೊಲೆ ಹಾಗೇ ನಿಂತಿದ್ದವು. ಮಾಳಿಗೆ ಕಂಬದ ಮೇಲೆ ಉಳಿದ ಕಡೆ ಅದು ಮಲಗಿದವರ ಮೇಲೆ ಬೀಳಲಿಲ್ಲ. ನಿಮ್ಮ ಮನೆಯಲ್ಲಿ ಜೀವ ಉಳಿಸುವುದು ಆ ಕಂಬಗಳೇ, ನಿಮ್ಮ ಮೇಸ್ತ್ರಿ ತೆಗೆಯಲು ಹೊರಟಿರುವುದೂ ಅವನ್ನೇ. 2001ರ ಭೂಕಂಪದಲ್ಲಿ ಗುಜರಾತಿನ ಕಛ್‌ನಲ್ಲಿ ಕಾಡುಗಲ್ಲಿನ ಗೋಡೆ ಮೇಲೆ ಸ್ಲ್ಯಾಬ್ ಕೂರಿಸಿದ ಮನೆಗಳೂ ಬಿದ್ದವು. ಗೋಡೆ ಬಿಚ್ಚಿಕೊಂಡರೆ ಸ್ಲ್ಯಾಬ್ ಇಡಿಯಾಗಿ ಕೆಳಗೆ ಬರುತ್ತದೆ.

ಈಗ ಹೊಟ್ಟೆ ಬಿಟ್ಟ ಗೋಡೆ ವಿಷಯ. ನಿಮ್ಮ ಗೋಡೆ ನೋಡಲು ಒಂದು, ಆದರೆ ಅದರಲ್ಲಿ ಎರಡು ಪದರ ಇರುತ್ತವೆ. ಒಳಮುಖಕ್ಕೊಂದು ಸಾಲು ಕಲ್ಲು, ಹೊರಮುಖಕ್ಕೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡಲು ಗೋಡೆಯ ಈ ಮುಖದಿಂದ ಆ ಮುಖದವರೆಗೆ ಹಾದುಹೋಗುವ ಉದ್ದ ಕಲ್ಲು ಇರಬೇಕು. ಅದಿಲ್ಲದಿದ್ದರೆ ನೀರು ಇಳಿದು, ನಡುವಿನ ಮಣ್ಣು ಕೆಳಗೆ ಕೂತು, ಹೊರಪದರ ಉಬ್ಬುತ್ತದೆ. ನೀವು ಕಾಣುತ್ತಿರುವ ಹೊಟ್ಟೆ ಅದು. ಅಲುಗಾಟ ಬಂದಾಗ ಮೊದಲು ಸುರಿಯುವುದು ಆ ಜಾಗ. ಸಿಮೆಂಟ್ ಗಿಲಾವು ಅದನ್ನು ತಡೆಯುವುದಿಲ್ಲ, ಬಿರುಕನ್ನು ಮುಚ್ಚಿಡುತ್ತದೆ ಅಷ್ಟೇ.

ಕಿಲ್ಲಾರಿ ನಂತರ ಮರಾಠವಾಡದಲ್ಲಿ ಇಂಥ ಮನೆಗಳನ್ನು ಕೆಡವದೆ ಗಟ್ಟಿ ಮಾಡಿದ್ದಾರೆ. ಗೋಡೆಯಲ್ಲಿ ಅಲ್ಲಲ್ಲಿ ಮೆಲ್ಲಗೆ ಕಲ್ಲು ಬಿಡಿಸಿ ಆರಪಾರ ತೂತು ಮಾಡಿ, ಎರಡೂ ತುದಿ ಬಗ್ಗಿಸಿದ ಕಬ್ಬಿಣದ ಸರಳು ಇಟ್ಟು ಕಾಂಕ್ರೀಟ್ ತುಂಬುತ್ತಾರೆ. ಬಾಗಿಲು-ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆ ಸುತ್ತ ಬೆಲ್ಟ್ ಥರ ತಂತಿ ಜಾಲರಿ ಕಟ್ಟಿ ಸಿಮೆಂಟ್ ಬಡಿಯುತ್ತಾರೆ. ಕಂಬ-ತೊಲೆ ಸೇರುವ ಕಡೆ ಓರೆಯಾಗಿ ಕಟ್ಟಿಗೆ ಕೊಡುತ್ತಾರೆ. ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸುತ್ತಾರೆ. ಇವು ಮೇಸ್ತ್ರಿಯೇ ಮಾಡಬಹುದಾದ ಕೆಲಸಗಳು, ಆದರೆ ಎಂಜಿನಿಯರ್ ಒಬ್ಬರು ಪಕ್ಕದಲ್ಲಿ ನಿಂತು ಮಾಡಿಸಬೇಕು. ಮಾಳಿಗೆ ಮೇಲೆ ಮಣ್ಣು ಎಷ್ಟು ದಪ್ಪ ಇದೆ? ಆ ಗೋಡೆ ಪಕ್ಕ ಯಾರು ಮಲಗುತ್ತಾರೆ?

ಜ್ಯೋತಿಷ್ಯ ಆಸಕ್ತ: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರಿಗೂ ಉಪಯೋಗ: ‘ಭೂಕಂಪ ಆದಾಗ ಮೇಜಿನ ಕೆಳಗೆ ಹೋದವರೆಲ್ಲ ಸಾಯುತ್ತಾರೆ. ಸೋಫಾ ಪಕ್ಕ ಮುದುಡಿ ಮಲಗಿ. ಅಲ್ಲಿ ಜೀವದ ತ್ರಿಕೋನ ಉಂಟಾಗುತ್ತದೆ. ಹತ್ತು ಜನರಿಗೆ ಕಳಿಸಿ.’

ಎಂಜಿನಿಯರ್: ಇದನ್ನು ಅಳಿಸಿ. ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದಾರೆ. ಕಾಂಕ್ರೀಟ್ ಕಟ್ಟಡದಲ್ಲಿ ಜಾಸ್ತಿ ಜನಕ್ಕೆ ಪೆಟ್ಟಾಗುವುದು ಬೀಳುವ ಸಾಮಾನಿನಿಂದ. ನೆಲ ಅಲುಗುವಾಗ ಸೋಫಾನೂ ಜರುಗುತ್ತದೆ, ತ್ರಿಕೋನ ಎಲ್ಲಿ ಆಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಗಟ್ಟಿ ಮೇಜಿನ ಕೆಳಗೆ ಹೋಗಿ, ತಲೆ ಮುಚ್ಚಿ, ಮೇಜಿನ ಕಾಲು ಹಿಡಿದುಕೊಳ್ಳಿ. ಮಣ್ಣು-ಕಲ್ಲಿನ ಮನೆಯ ಮಾತು ಬೇರೆ. ಬಾಗಿಲು ಎರಡು ಹೆಜ್ಜೆಯಲ್ಲಿದ್ದು ಹೊರಗೆ ಬಯಲಿದ್ದರೆ ಹೊರಗೆ ಹೋಗಿ. ಓಣಿ ಇಕ್ಕಟ್ಟಾಗಿದ್ದರೆ ಅದೂ ಅಪಾಯ. 2001ರ ಜನವರಿ 26ರಂದು ಕಛ್ ಭೂಕಂಪ ಆದಾಗ, ಅಲ್ಲಿನ ಅಂಜಾರ್‌ನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲೆ ಮಕ್ಕಳ ಮೇಲೆ ಓಣಿಯ ಎರಡೂ ಬದಿಯ ಮನೆಗಳು ಬಿದ್ದವು. ಅವರು ಹೊರಗೇ ಇದ್ದರು.

ಇನ್ನೊಬ್ಬ ಸದಸ್ಯ: ಮೇಡಂ, ಮೊದಲೇ ತಿಳಿಯೋಕೆ ಏನಾದರೂ ಆ್ಯಪ್ ಇದೆಯಾ? ನಾಯಿ, ಹಾವುಗಳಿಗೆ ಗೊತ್ತಾಗುತ್ತಂತೆ.

ಎಂಜಿನಿಯರ್: ಮೇಲೆ ಉತ್ತರ ಇದೆ. ಓದಿ.

ಬಿ.ಎ. ವಿದ್ಯಾರ್ಥಿ: ಆದರೆ 1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಮೊದಲೇ ಹೇಳಿ ಜನರನ್ನು ಹೊರಗೆ ಕಳಿಸಿದ್ದರಲ್ವಾ?

ಎಂಜಿನಿಯರ್: ಕಳಿಸಿದ್ದರು. ಅಲ್ಲಿ ಸಣ್ಣ ಕಂಪನಗಳು ಒಂದರ ಹಿಂದೆ ಒಂದು ಬಂದವು. ಮರು ವರ್ಷ ತಾಂಗ್‌ಶಾನ್‌ನಲ್ಲಿ ಅಂಥ ಸೂಚನೆ ಬರಲಿಲ್ಲ, ಸರ್ಕಾರಿ ಲೆಕ್ಕದಲ್ಲೇ 2,42,000 ಜನ ಸತ್ತರು. ಕಿಲ್ಲಾರಿಯಲ್ಲೂ 1992ರಲ್ಲಿ ಕಂಪನಗಳಾಗಿ ಜನ ಹೆದರಿದ್ದರು. ಆಮೇಲೆ ಅವು ತಣ್ಣಗಾದವು. ಸಣ್ಣ ಕಂಪನ ಬಂದಲ್ಲೆಲ್ಲ ದೊಡ್ಡದು ಬರುವುದಿಲ್ಲ, ಬರುವಲ್ಲೆಲ್ಲ ಸಣ್ಣದು ಮೊದಲು ಬರುವುದೂ ಇಲ್ಲ.

ಜ್ಯೋತಿಷ್ಯ ಆಸಕ್ತ: ಪಾಪ ಜಾಸ್ತಿ ಆದಾಗ ಭೂಮಿ ನಡುಗುತ್ತೆ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಇತಿಹಾಸ ಓದುಗ: 1934ರ ಬಿಹಾರ ಭೂಕಂಪ ಆದಾಗ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ಶಿಕ್ಷೆ ಅಂದರು. ಪ್ರಕೃತಿಯ ಘಟನೆಗೆ ಹೀಗೆ ಅರ್ಥ ಕಟ್ಟಬಾರದು ಅಂತ ಟ್ಯಾಗೋರ್ ಬಹಿರಂಗವಾಗಿ ವಿರೋಧಿಸಿದರು. ಆಗಲೇ ಮುಗಿದ ವಾದ ಇದು.

ಜ್ಯೋತಿಷ್ಯ ಆಸಕ್ತ: ಗಾಂಧೀಜಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಇತಿಹಾಸ ಓದುಗ: ನಾನು ಟ್ಯಾಗೋರ್ ಮಾತು ಹೇಳಿದೆ ಸ್ವಾಮಿ, ನನ್ನದಲ್ಲ. ಓದಿ ಮಾತಾಡಿ.

ಎಂಜಿನಿಯರ್: 1755ರ ನವೆಂಬರ್ 1ರಂದು ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್ ನಡುಗಿದಾಗ ಸಂತರ ಹಬ್ಬ. ಚರ್ಚುಗಳು ತುಂಬಿದ್ದವು, ಪ್ರಾರ್ಥನೆಗೆ ಬಂದವರ ಮೇಲೇ ಚಾವಣಿ ಬಿತ್ತು. ಸತ್ತವರಿಗೆ ಪಾಪಿಗಳು ಅಂತ ಹಣೆಪಟ್ಟಿ ಹಚ್ಚಬೇಡಿ. ಮಂತ್ರಿ ಪೊಂಬಾಲ್ ಆಮೇಲೆ ಪ್ರತಿ ಚರ್ಚ್ ವ್ಯಾಪ್ತಿಗೂ ಪ್ರಶ್ನೆಗಳ ಪಟ್ಟಿ ಕಳಿಸಿದ. ಎಷ್ಟು ಹೊತ್ತು ಅಲುಗಿತು, ಎಷ್ಟು ಜನ ಸತ್ತರು, ಸಮುದ್ರ ಮೊದಲು ಏರಿತೋ ಇಳಿಯಿತೋ ಅಂತ. ಹೊಸ ಮನೆಗಳ ಗೋಡೆಯೊಳಗೆ ಕಟ್ಟಿಗೆಯ ಚೌಕಟ್ಟು ಹಾಕಿಸಿದ. ಕೆಲಸಕ್ಕೆ ಬಂದಿದ್ದು ಅದು.

ಅಪಾರ್ಟ್‌ಮೆಂಟ್ ನಿವಾಸಿ: ನಮ್ಮ ಕಟ್ಟಡದ ಕೆಳಗೆ ಪೂರ್ತಿ ಪಾರ್ಕಿಂಗ್, ಬರೀ ಪಿಲ್ಲರ್. ಸೇಫಾ?

ಎಂಜಿನಿಯರ್: ನೋಡದೆ ಹೇಳಲಾಗದು. 2001ರಲ್ಲಿ ಭೂಕಂಪದ ಕೇಂದ್ರದಿಂದ 200 ಕಿಲೋಮೀಟರ್‌ಗೂ ದೂರದ ಅಹಮದಾಬಾದ್‌ನಲ್ಲಿ ಬಿದ್ದ ಬಹುಮಹಡಿಗಳಲ್ಲಿ ಇಂಥವು ಬಹಳ. ನಕ್ಷೆ ತೆಗೆದುಕೊಂಡು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ.

ಸಮಾಜ ಟೀಚರ್: ಕಿಲ್ಲಾರಿ ಆಮೇಲೆ ಊರುಗಳನ್ನೇ ಸ್ಥಳಾಂತರ ಮಾಡಿದರಲ್ಲ ಮೇಡಂ, ಜನ ಸುಖವಾಗಿದ್ದಾರಾ?

ನಿವೃತ್ತ ಕಂದಾಯ ನೌಕರ: ನಾನು ಹೇಳ್ತೀನಿ. ವಿಶ್ವಬ್ಯಾಂಕ್ ನೆರವಿನಿಂದ 52 ಊರು ಪೂರ್ತಿ ಹೊಸದಾಗಿ ಕಟ್ಟಿದರು. ಅಗಲ ರಸ್ತೆ, ಗಟ್ಟಿ ಮನೆ. ಸರ್ಕಾರ ಇಷ್ಟು ಮಾಡಿದ್ದೇ ದೊಡ್ಡದು.

ಇತಿಹಾಸ ಓದುಗ: ಮನೆ ಕೊಟ್ಟಿದ್ದು ಜಮೀನಿನ ಲೆಕ್ಕದಲ್ಲಿ. ಭೂಮಿ ಇಲ್ಲದವರಿಗೆ 250 ಚದರ ಅಡಿ, ಏಳು ಹೆಕ್ಟೇರ್‌ಗಿಂತ ಜಾಸ್ತಿ ಇದ್ದವರಿಗೆ 750. ಭೂಕಂಪ ಎಲ್ಲರನ್ನೂ ಒಂದೇ ರಾತ್ರಿ ಬೀದಿಗೆ ತಂದಿತ್ತು. ಸರ್ಕಾರ ಮತ್ತೆ ಮೇಲು-ಕೆಳಗು ಮಾಡಿತು.

ನಿವೃತ್ತ ಕಂದಾಯ ನೌಕರ: ದನ, ಕಾಳು, ಗಾಡಿ ಇದ್ದ ಒಕ್ಕಲು ಮನೆಗೆ 250 ಅಡಿ ಸಾಕಾಗುತ್ತಾ? ಕೂತು ಟೀಕೆ ಮಾಡೋದು ಸುಲಭ.

ಇತಿಹಾಸ ಓದುಗ: ಕೂಲಿಯವರ ಮಕ್ಕಳಿಗೆ 250 ಸಾಕಾಗುತ್ತಾ? ನಿಮ್ಮ ಕಚೇರಿ ಭಾಷೆ ಇಲ್ಲಿ ಬೇಡ.

ಅಡ್ಮಿನ್: ಇಬ್ಬರೂ ಮರ್ಯಾದೆಯಿಂದ ಮಾತಾಡಿ.

ಎಂಜಿನಿಯರ್: ಟೀಚರ್, ನನ್ನ ಅಭಿಪ್ರಾಯ ಹೇಳುತ್ತೇನೆ. ಜೀವಕ್ಕೆ ಭದ್ರವಾದ ಮನೆ ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಊರನ್ನು ಲೇಔಟ್ ಮಾಡಿಬಿಟ್ಟರು. ಅಣ್ಣ-ತಮ್ಮಂದಿರು, ಬೀಗರು ಒಂದೇ ಓಣಿಯಲ್ಲಿದ್ದವರು ಬೇರೆ ಬೇರೆ ಸಾಲಿಗೆ ಹೋದರು. ಕಟ್ಟೆಗೆ, ಅಂಗಳಕ್ಕೆ, ಕೊಟ್ಟಿಗೆಗೆ ಜಾಗ ಯೋಚಿಸಲಿಲ್ಲ. ಹೊಲ ದೂರವಾಯಿತು. ಕೊನೆಗೆ ಜನ ತಮಗೆ ಬೇಕಾದ ಕೋಣೆ, ಗೋಡೆ ತಾವೇ ಸೇರಿಸಿಕೊಂಡರು, ಅವಕ್ಕೆ ಬೆಲ್ಟೂ ಇಲ್ಲ, ಸರಳೂ ಇಲ್ಲ. ಕಛ್‌ನಲ್ಲಿ ಬಹುಪಾಲು ಜನರ ಕೈಗೇ ಹಣ ಕೊಟ್ಟು, ಹಳೇ ಜಾಗದಲ್ಲೇ ನಿಯಮದ ಪ್ರಕಾರ ಕಟ್ಟಿಕೊಳ್ಳಲು ಬಿಟ್ಟರು. ಅದೇ ಸರಿ ಅನ್ನುವವಳು ನಾನು. ಮನೆ ಯಾರು ಕಟ್ಟಿಸಿದರೋ ಅವರಿಗೆ ಅದರ ಬೆಲ್ಟ್ ಎಲ್ಲಿದೆ ಅಂತ ಗೊತ್ತಿರುತ್ತದೆ.

ಇನ್ನೊಬ್ಬ ಸದಸ್ಯ: ಕಿಲ್ಲಾರಿಗೆ ಡ್ಯಾಂ ಕಾರಣ ಅಂತಾರಲ್ಲ?

ಎಂಜಿನಿಯರ್: 1967ರಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಆದ ಭೂಕಂಪಕ್ಕೆ ಅಲ್ಲಿನ ಜಲಾಶಯ ಕಾರಣ ಅನ್ನುವುದನ್ನು ವಿಜ್ಞಾನಿಗಳು ಹೆಚ್ಚುಕಮ್ಮಿ ಒಪ್ಪಿದ್ದಾರೆ. ಕಿಲ್ಲಾರಿ ಬಗ್ಗೆ ಒಮ್ಮತ ಇಲ್ಲ.

ಪ್ರವಾಸಿ: ಭೂಕಂಪಕ್ಕೂ ಸುನಾಮಿಗೂ ಏನು ಸಂಬಂಧ? ವಿಮೆ ಸಿಗುತ್ತಾ?

ಜ್ಯೋತಿಷ್ಯ ಆಸಕ್ತ: ಅರ್ಜೆಂಟ್. ‘ಇಂದು ರಾತ್ರಿ ದೊಡ್ಡ ಭೂಕಂಪ, ನಾಸಾ ಎಚ್ಚರಿಕೆ. ಮಕ್ಕಳನ್ನು ಹೊರಗೆ ಮಲಗಿಸಿ.’

ಎಂಜಿನಿಯರ್: ಇದು ಸುಳ್ಳು. ಎರಡನೇ ಸಲ ಹೇಳುತ್ತಿದ್ದೇನೆ. 1923ರ ಸೆಪ್ಟೆಂಬರ್ 1ರಂದು ಮಧ್ಯಾಹ್ನ ಒಲೆ ಉರಿಯುವ ಹೊತ್ತಿಗೆ ಟೋಕಿಯೋ-ಯೊಕೊಹಾಮಾ ನಡುಗಿತು. ಒಂದು ಲಕ್ಷಕ್ಕೂ ಜಾಸ್ತಿ ಜನ ಸತ್ತರು, ಬಹಳಷ್ಟು ಬೆಂಕಿಯಲ್ಲಿ. ಕೊರಿಯಾದವರು ಬಾವಿಗೆ ವಿಷ ಹಾಕಿದ್ದಾರೆ ಅಂತ ಒಂದು ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಗುಂಪುಗಳು ಬಿದಿರಿನ ಈಟಿ, ಕತ್ತಿ ಹಿಡಿದು ದಾರಿ ಅಡ್ಡಗಟ್ಟಿದವು. ಬಂದವರಿಗೆ ಕೆಲವು ಜಪಾನಿ ಮಾತು ಉಚ್ಚರಿಸಲು ಹೇಳಿ, ಉಚ್ಚಾರ ತಪ್ಪಿದವರನ್ನು ಕೊಂದವು. ಹೀಗೆ ಸತ್ತ ಕೊರಿಯನ್ನರು ಸಾವಿರಾರು. ಅವರನ್ನು ಕೊಂದಿದ್ದು ಭೂಮಿಯಲ್ಲ. ಯಾರು ಬರೆದರು ಅಂತ ಗೊತ್ತಿಲ್ಲದ ಸುದ್ದಿಯನ್ನು ‘ಉಪಯೋಗ ಆಗಲಿ’ ಅಂತ ಕಳಿಸಬೇಡಿ.

ಜ್ಯೋತಿಷ್ಯ ಆಸಕ್ತ: ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಕೋಪ ಯಾಕೆ?

ಇತಿಹಾಸ ಓದುಗ: ಇವರನ್ನು ಗ್ರೂಪಿನಿಂದ ತೆಗೀರಿ.

ಅಡ್ಮಿನ್: ಎರಡೂ ಫಾರ್ವರ್ಡ್ ಅಳಿಸಿದ್ದೇನೆ. ಇನ್ನೊಂದು ಬಂದರೆ ತೆಗೆಯುತ್ತೇನೆ.

ಪ್ರವಾಸಿ: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ.

ಕಲ್ಲುಮನೆ ಸದಸ್ಯ: ಮೇಡಂ, ಅಳೆದೆ. ಮಾಳಿಗೆ ಮಣ್ಣು ಎರಡು ಅಡಿ ಹತ್ತಿರ ಇದೆ. ಉಬ್ಬಿದ ಗೋಡೆ ಪಕ್ಕ ಅವ್ವ ಮಲಗ್ತಾಳೆ. ನಾಳೆಯೇ ಒಂದು ಕಡೆಯಿಂದ ಮಣ್ಣು ತೆಗೆಸಲಾ?

ಎಂಜಿನಿಯರ್: ಬೇಡ. ಒಂದೇ ಕಡೆ ಭಾರ ಇಳಿಸಿದರೆ ಹಳೇ ತೊಲೆ ವಾಲಬಹುದು. ಎಂಜಿನಿಯರ್ ಬಂದು ತೊಲೆ ನೋಡಿದ ಮೇಲೆ, ಎಲ್ಲ ಕಡೆ ಸಮವಾಗಿ ತೆಳುವಾಗಿ ತೆಗೆಸಿ. ಆಗ ಮನೆಯೊಳಗೆ ಯಾರೂ ಇರಬಾರದು. ಅವ್ವನ ಹಾಸಿಗೆ ಮಾತ್ರ ಇವತ್ತೇ ಬೇರೆ ಕೋಣೆಗೆ ಹಾಕಿ, ಅಲ್ಲೂ ತಲೆ ಹೊರಗೋಡೆ ಕಡೆ ಬೇಡ. ಆ ಗೋಡೆಯ ಹೊರಮೂಲೆಯ ಫೋಟೋ, ಬುಡದಿಂದ ಮಾಳಿಗೆವರೆಗೆ ಕಾಣುವ ಹಾಗೆ, ನನಗೆ ಬೇರೆಯಾಗಿ ಕಳಿಸಿ. ಮೂಲೆಯಲ್ಲಿ ಬಿರುಕು ಮೇಲಿಂದ ಶುರುವಾಗಿದೆಯಾ, ಕೆಳಗಿಂದಲಾ ನೋಡಿ ಹೇಳಿ.