ಪದಚರ್ಚೆ: ‘ಟೀನೇಜ್ ಕನ್ಸ್ಯೂಮರ್’ಗೆ ಏನನ್ನೋಣ? (ಇವತ್ತೇ ಬೇಕು)

ಗೆಳೆಯರೇ, ಸಂಜೆ ಐದಕ್ಕೆ ಪ್ರೆಸ್ಸಿಗೆ ಕೊಡಬೇಕು. ಬೆಳಗಾವಿ ಖಡೇಬಜಾರಿನ ಒಂದು ಬೂಟಿನಂಗಡಿ, ಅಲ್ಲಿ ಕೆಲಸಕ್ಕಿರುವವರಿಗೆ ಎಂಟು ಪುಟದ ಕೈಪಿಡಿ. ಟೀನೇಜ್ ಹುಡುಗರ ಮನಸ್ಸು ತಿಳಿಯುವುದು ಹೇಗೆ, ಅವರಿಗೆ ಮಾರುವುದು ಹೇಗೆ ಅಂತ. ನಾನು ‘ಹದಿಹರೆಯದ ಗ್ರಾಹಕ’ ಅಂತ ಬರೆದಿದ್ದೆ. ಮಾಲೀಕರು ‘ಗಿರಾಕಿ ಅನ್ರಿ ಸರ್, ಗ್ರಾಹಕ ಅಂದ್ರ ಬ್ಯಾಂಕಿನ ಬೋರ್ಡ್ ಓದಿದಂಗ ಆಗ್ತದ’ ಅಂದರು.

ನನ್ನ ತೊಡಕು ಬೇರೆ. ನಿನ್ನೆ ಅಂಗಡಿಯಲ್ಲಿ ಕೂತು ನೋಡಿದೆ. ಒಬ್ಬ ಹುಡುಗ ಒಂದೇ ಕಾಲಿಗೆ ಹೊಸ ಬೂಟು ಹಾಕಿಕೊಂಡು, ಫೋಟೊ ತೆಗೆದು ಗೆಳೆಯರಿಗೆ ಕಳಿಸಿ, ಅವರ ಉತ್ತರ ಬರುವವರೆಗೆ ಹಾಗೇ ಕುಂಟುತ್ತ ಓಡಾಡಿದ, ಅವರವ್ವ ಪರ್ಸು ಬಿಚ್ಚಿಕೊಂಡು ಹತ್ತು ನಿಮಿಷ ಕಾದರು. ಆರಿಸಿದ್ದು ಗೆಳೆಯರು, ಹಾಕಿಕೊಂಡಿದ್ದು ಮಗ, ದುಡ್ಡು ಕೊಟ್ಟಿದ್ದು ಅವ್ವ. ಇದರಲ್ಲಿ ಗಿರಾಕಿ ಯಾರು?

ಉತ್ತರ, ವಿಜಯಪುರದಿಂದ:

ಮೊದಲು ‘ಹದಿಹರೆಯ’ ಬಿಡಿ. ಇಂಗ್ಲಿಷಿನ ಟೀನ್ 13ರಿಂದ 19. ನಮ್ಮ ‘ಹದಿ’ ಹದಿಮೂರಕ್ಕೆ ಶುರುವಾಗಿ ಹದಿನೆಂಟಕ್ಕೆ ನಿಲ್ಲುತ್ತದೆ. ಹತ್ತೊಂಬತ್ತರಲ್ಲಿ ‘ಹದಿ’ ಎಲ್ಲಿದೆ, ತೋರಿಸಿ. ಇದನ್ನು ಇಲ್ಲಿ ಮೂರನೇ ಸಲ ಬರೆಯುತ್ತಿದ್ದೇನೆ, ಯಾರೂ ಓದುವುದಿಲ್ಲ. ಇನ್ನು ಗ್ರಾಹಕ ಸಂಸ್ಕೃತ, ಗಿರಾಕಿ ಅದರದೇ ತದ್ಭವ. ಮಾಲೀಕರು ಅದನ್ನೇ ಮನೆಮಾತು ಅಂದುಕೊಂಡಿದ್ದಾರೆ ಪಾಪ. ಎರಡೂ ಬೇಡ. ‘ಹರೆಯದ ಕೊಳ್ಳುಗ’. ಮುಗೀತು.

ಉತ್ತರ, ಬಾಗಲಕೋಟೆಯಿಂದ:

ಕೊಳ್ಳುಗನಂತೆ! ಆ ಹುಡುಗ ಕೊಂಡೇ ಇಲ್ಲವಲ್ಲ ಮಾರಾಯ್ರೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನೋಡಿ, ಕೊಂಡವರ ಒಪ್ಪಿಗೆಯಿಂದ ಬಳಸುವವನೂ ಅಲ್ಲಿ ಗ್ರಾಹಕನೇ. ಅವ್ವನೂ ಗ್ರಾಹಕಿ, ಮಗನೂ ಗ್ರಾಹಕ. ಗಿರಾಕಿ ಅಂದರೆ ನಮ್ಮ ಕಡೆ ‘ಭಾರಿ ಗಿರಾಕಿ ಅದಾನ’ ಅನ್ನುವ ಅರ್ಥವೂ ಇದೆ, ಓದಿದವರು ನಗುತ್ತಾರೆ. ಬೂಟು, ಪರ್ಸು, ಬಜಾರು ಎಲ್ಲ ಕಡ ತಂದಿದ್ದೇ, ಇದೊಂದಕ್ಕೆ ಯಾಕೆ ಮಡಿ?

ವಿಜಯಪುರದಿಂದ:

ಬೂಟು ಕಾಲಿಗೆ ಹಾಕುವುದು, ತಲೆಗಲ್ಲ. ‘ಕೆರ’ ಇತ್ತು, ಕಳೆದುಕೊಂಡಿರಿ.

ಬಾಗಲಕೋಟೆಯಿಂದ:

‘ಕೆರದಂಗಡಿ’ ಅಂತ ಬೋರ್ಡ್ ಹಾಕಿದರೆ ಆ ಹುಡುಗ ಒಳಗೆ ಬರ್ತಾನಾ?

ಕೇಳಿದವನೇ ಮತ್ತೆ:

ಜಗಳ ಸಾಕು, ಪ್ರೆಸ್ಸಿನವರು ಫೋನ್ ಮಾಡುತ್ತಿದ್ದಾರೆ. ರಕ್ಷಾಪುಟಕ್ಕೆ ‘ಹದಿಹರೆಯದ ಗ್ರಾಹಕರು’ ಅಂತಲೇ ಕೊಟ್ಟೆ. 18 ತುಂಬದವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಅಂತ 2023ರ ಡಿಜಿಟಲ್ ಡೇಟಾ ಕಾಯ್ದೆಯೇ ಗೆರೆ ಎಳೆದಿದೆ, ಹಾಗಾಗಿ ‘ಹದಿ’ ಹದಿನೆಂಟಕ್ಕೇ ನಿಂತರೆ ನನಗೇನೂ ನಷ್ಟವಿಲ್ಲ. ಒಳಗೆ ಮಾತ್ರ ಗ್ರಾಹಕ, ಗಿರಾಕಿ ಎರಡನ್ನೂ ತೆಗೆದು ‘ಹುಡುಗ’, ‘ಅವ್ವ’ ಅಂತ ಬೇರೆ ಬೇರೆ ಬರೆದೆ. ಬೆಲೆ ಹೇಳುವಾಗ ಯಾರ ಮುಖ ನೋಡಬೇಕು ಅಂತ ಕೆಲಸದವರಿಗೆ ಗೊತ್ತಾಗಬೇಕಲ್ವಾ?