‘ಹ್ಯಾವ್’ ಅಂದ್ರೆ ‘ಹೊಂದು’ ಅಂತ ಹೇಳಿಕೊಡಬೇಕಾ?

ಸಂಜೆ ಕ್ಲಾಸ್, ಮೈಸೂರು
ದೇವರಾಜ ಮಾರುಕಟ್ಟೆ ಸುತ್ತ ಅಂಗಡಿ ಇಟ್ಟಿರುವ ಕೆಲವು ಹೆಂಗಸರಿಗೆ ಸಂಜೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ‘ಗೋ’, ‘ಕಮ್’, ‘ಈಟ್’ ಸಲೀಸಾಗಿ ಆಯಿತು. ‘ಹ್ಯಾವ್’ ಬಂದಾಗ ಗಾಡಿ ನಿಂತುಬಿಟ್ಟಿತು. ಗೈಡಿನಲ್ಲಿ ‘ಹ್ಯಾವ್ ಎಂದರೆ ಹೊಂದು’ ಅಂತಿದೆ. ‘ಐ ಹ್ಯಾವ್ ಟೂ ಚಿಲ್ಡ್ರನ್’ ಅಂದರೆ ‘ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ’ ಅಂತೆ. ಅಗರಬತ್ತಿ ಮಾರುವ ಒಬ್ಬರು ಥಟ್ಟಂತ ಕೇಳಿದರು, ‘ಯಾರು ಮೇಡಂ ಹಂಗೆ ಮಾತಾಡ್ತಾರೆ?’ ನೀವೆಲ್ಲ ಇದನ್ನು ಹೇಗೆ ಹೇಳಿಕೊಡುತ್ತೀರಿ?

ಮಂಡ್ಯ ಮೇಷ್ಟ್ರು
ಅವರು ಕೇಳಿದ್ದು ಸರಿಯಾಗೇ ಇದೆ ಕಣ್ರೀ. ‘ಹೊಂದು’ ಅರ್ಜಿಗೆ, ಪೇಪರ್‌ಗೆ ಇರಲಿ. ಮಾತಿನಲ್ಲಿ ನಾವು ‘ಇರು’ ಹಿಡಿದೇ ಕೆಲಸ ಮುಗಿಸುತ್ತೇವೆ. ನನಗೆ ಇಬ್ಬರು ಮಕ್ಕಳಿದ್ದಾರೆ. ನನ್ನ ಹತ್ತಿರ ಚಿಲ್ಲರೆ ಇದೆ. ನಮ್ಮದೊಂದು ಅಂಗಡಿ ಇದೆ. ಮನೆಗೆ ಎರಡು ಬಾಗಿಲಿವೆ. ಇವೆಲ್ಲದಕ್ಕೂ ಇಂಗ್ಲಿಷಿನಲ್ಲಿ ‘ಹ್ಯಾವ್’ ಅಥವಾ ‘ಹ್ಯಾಸ್’. ನನ್ನ ಸೂತ್ರ ಇಷ್ಟೇ: ‘ನನಗೆ ಇದೆ’ ಅಂದರೆ ‘ಐ ಹ್ಯಾವ್’, ‘ನಾನು ಇದ್ದೇನೆ’ ಅಂದರೆ ‘ಐ ಆಮ್’.

ಕುವೆಂಪುನಗರ ಟೀಚರ್
ಮೇಷ್ಟ್ರೇ, ಈ ಸೂತ್ರ ಮಾರನೇ ದಿನವೇ ಕೈಕೊಡುತ್ತದೆ. ‘ನನಗೆ ಹಸಿವಾಗಿದೆ’ ಅನ್ನೋದಕ್ಕೆ ‘ಐ ಹ್ಯಾವ್ ಹಂಗ್ರಿ’ ಅಂತಾರೆ. ‘ನನಗೆ ನಲವತ್ತು ವರ್ಷ’ ಅನ್ನೋದು ‘ಐ ಹ್ಯಾವ್ ಫಾರ್ಟಿ ಇಯರ್ಸ್’ ಆಗುತ್ತೆ. ‘ನನಗೆ ಗೊತ್ತಿದೆ’ ಏನಾಗುತ್ತೆ ಅಂತ ನೀವೇ ಊಹಿಸಿ. ಅದಕ್ಕೇ ನಾನು ಕನ್ನಡ ಅರ್ಥ ಹೇಳೋದೇ ಇಲ್ಲ. ಒಬ್ಬರ ಕೈಗೆ ಪೆನ್ ಕೊಟ್ಟು ‘ಐ ಹ್ಯಾವ್ ಎ ಪೆನ್’ ಅನ್ನಿಸುತ್ತೇನೆ. ಪೆನ್ ಪಕ್ಕದವರಿಗೆ ಹೋದರೆ ‘ಶಿ ಹ್ಯಾಸ್ ಎ ಪೆನ್’. ಪೆನ್ ಸುತ್ತುತ್ತಾ ಹೋಗುತ್ತೆ, ಮಾತು ತಾನಾಗೇ ಕೂರುತ್ತೆ.

ಮಂಡ್ಯ ಮೇಷ್ಟ್ರು
ಪೆನ್ ಕೈಗೆ ಕೊಡಬಹುದು ಮೇಡಂ, ಜ್ವರ ಹೇಗೆ ಕೊಡ್ತೀರಿ? ನೀವು ಹೇಳಿದ ತೊಡಕಿಗೂ ಒಂದು ಗುರುತಿದೆ. ಮುಂದೆ ಬರುವ ಇಂಗ್ಲಿಷ್ ಪದ ನೋಡಿ. ‘ಫೀವರ್’ ಹೆಸರು, ಅದಕ್ಕೆ ‘ಹ್ಯಾವ್’. ‘ಹಂಗ್ರಿ’ ಸ್ಥಿತಿ ಹೇಳುವ ಪದ, ಅದಕ್ಕೆ ‘ಆಮ್’. ವಯಸ್ಸನ್ನು ಮಾತ್ರ ಬಾಯಿಪಾಠ ಮಾಡಿಸಿ.

ಕೆ.ಆರ್.ಪೇಟೆ ಹುಡುಗ
ನಡುವೆ ಒಂದು ಡೌಟು. ನಮ್ಮ ಆಫೀಸಲ್ಲಿ ಎಲ್ಲರೂ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂತಾನೇ ಹೇಳೋದು. ತಪ್ಪಾ?

ಕುವೆಂಪುನಗರ ಟೀಚರ್
ನಮ್ಮ ಕಡೆ ಎಲ್ಲರಿಗೂ ಅರ್ಥ ಆಗುತ್ತೆ, ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತೆ. ಅಣ್ಣ ತಮ್ಮ, ಮನೆ, ದುಡ್ಡು ಇರೋದನ್ನು ಹೇಳುವಾಗ ‘ಹ್ಯಾವಿಂಗ್’ ಬೇಡ. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ. ಅಲ್ಲಿ ಊಟ ‘ಇದೆ’ ಅಂತಲ್ಲ, ‘ಮಾಡ್ತಾ ಇದ್ದೇನೆ’ ಅಂತ.

ನುಡಿಹುಚ್ಚ
‘ಊಟ ಮಾಡಿದ್ದೇನೆ’ ಅನ್ನೋದನ್ನ ಸ್ವಲ್ಪ ಬಿಡಿಸಿ ನೋಡಿ. ಮಾಡಿ, ಇದ್ದೇನೆ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಈಟನ್’. ಇಲ್ಲೂ ನಮ್ಮ ‘ಇರು’ ಕೂತ ಜಾಗದಲ್ಲೇ ‘ಹ್ಯಾವ್’ ಕೂತಿದೆ. ‘ನನಗೆ ಹೋಗೋದಿದೆ’, ‘ಐ ಹ್ಯಾವ್ ಟು ಗೋ’. ಮತ್ತೆ ಅದೇ ಜೋಡಿ. ‘ಹೊಂದು’ ಅಂತ ಕಲಿತವರು ಇಲ್ಲಿ ಪೂರ್ತಿ ಕಕ್ಕಾಬಿಕ್ಕಿ ಆಗುತ್ತಾರೆ. ‘ಇರು’ ಅಂತ ಕಲಿತವರಿಗೆ ಮುಂದಿನ ಪಾಠ ಅರ್ಧ ಆದ ಹಾಗೆ. ತಮಿಳಿನ ‘ಎನಕ್ಕು’, ತೆಲುಗಿನ ‘ನಾಕು’, ಹಿಂದಿಯ ‘ಮೇರೇ ಪಾಸ್’ ಎಲ್ಲಾ ನಮ್ಮ ದಾರಿಯವೇ. ಹೊಂದೋ ಗೀಳು ಇಂಗ್ಲಿಷಿನಂಥ ಭಾಷೆಗಳದ್ದು!

ಸಕ್ಕರೆ ನಾಡಿನ ಮೇಷ್ಟ್ರಿಗೆ ಒಂದು ಎಚ್ಚರಿಕೆ. ‘ನನಗೆ ಶುಗರ್ ಇದೆ’ ಅಂದರೆ ಕಾಯಿಲೆ. ‘ನನ್ನ ಹತ್ತಿರ ಶುಗರ್ ಇದೆ’ ಅಂದರೆ ಡಬ್ಬಿಯಲ್ಲಿದೆ. ನಿಮ್ಮ ಸೂತ್ರ ಹಾಕಿದರೆ ಎರಡೂ ‘ಐ ಹ್ಯಾವ್ ಶುಗರ್’. ಡಾಕ್ಟರ ಮುಂದೆ ‘ಡಯಾಬಿಟಿಸ್’ ಅನ್ನೋದನ್ನೂ ಕಲಿಸಿಬಿಡಿ.

ಮಂಡ್ಯ ಮೇಷ್ಟ್ರು
ಹಹ್ಹಾ, ನನಗೆ ಎರಡೂ ಇದೆ ಸ್ವಾಮಿ. ಅಂತೂ ‘ಇರು’ ಗೆದ್ದಿತು ಅಲ್ವಾ?

ಕುವೆಂಪುನಗರ ಟೀಚರ್
ಗೆದ್ದಿದ್ದು ವ್ಯಾಕರಣ. ಗಿರಾಕಿ ‘ಡು ಯು ಹ್ಯಾವ್ ಸ್ಯಾಂಡಲ್ ಆಯಿಲ್?’ ಅಂದಾಗ ‘ಇರು’ ಎಲ್ಲಿದೆ ಅಂತ ಹುಡುಕುತ್ತಾ ಕೂತರೆ ಆಯಿತು, ಪಕ್ಕದ ಅಂಗಡಿಯಲ್ಲಿ ವ್ಯಾಪಾರ ಮುಗಿದಿರುತ್ತೆ.

ಸಂಜೆ ಕ್ಲಾಸ್, ಮೈಸೂರು
ನಮ್ಮವರು ಎಡವೋದು ಅಲ್ಲೇ. ಕನ್ನಡದಲ್ಲಿ ‘ಇದೆಯಾ?’ ಅಂದರೆ ‘ಇದೆ’, ಮುಗೀತು. ಅದೇ ಲೆಕ್ಕದಲ್ಲಿ ‘ಎಸ್, ಹ್ಯಾವ್’ ಅಂತಾರೆ.

ಮಂಡ್ಯ ಮೇಷ್ಟ್ರು
‘ಡು’ ಹಾಕಿ ಕೇಳಿದರೆ ‘ಡು’ನಲ್ಲೇ ಉತ್ತರ: ‘ಎಸ್, ವಿ ಡು’. ಇಲ್ಲದಿದ್ದರೆ ‘ಸಾರಿ, ವಿ ಡೋಂಟ್’. ಬ್ರಿಟನ್ ಕಡೆಯವರು ‘ಹ್ಯಾವ್ ಯು ಗಾಟ್’ ಅಂತಾನೂ ಕೇಳುತ್ತಾರೆ, ಆಗ ‘ಎಸ್, ವಿ ಹ್ಯಾವ್’. ಇನ್ನೊಂದು, ‘ಡಸ್ ಶಿ ಹ್ಯಾವ್’ ಅನ್ನಬೇಕು, ‘ಡಸ್ ಶಿ ಹ್ಯಾಸ್’ ಅಲ್ಲ.

ಸಂಜೆ ಕ್ಲಾಸ್, ಮೈಸೂರು
ಸರಿ. ಈ ವಾರ ಅಂಗಡಿ ಮಾತು ಮಾತ್ರ. ಪೆನ್ ಬದಲು ಅವರವರ ಸಾಮಾನೇ ತರಿಸುತ್ತೇನೆ, ಅಗರಬತ್ತಿ, ಕುಂಕುಮ, ಮಲ್ಲಿಗೆ. ಅರ್ಥ ಕೇಳಿದರೆ ‘ಇದೆ’ ಅಂತೀನಿ. ‘ಹ್ಯಾವ್ ಈಟನ್’, ‘ಹ್ಯಾವ್ ಟು’ ಎಲ್ಲ ಆಮೇಲೆ ನೋಡೋಣ.

ಕೆ.ಆರ್.ಪೇಟೆ ಹುಡುಗ
‘ಹ್ಯಾವ್ ಟು’ ಮುಂದಕ್ಕೆ ಹಾಕಬೇಡಿ ಅಕ್ಕ. ಬಾಗಿಲು ಹಾಕೋ ಹೊತ್ತಿಗೆ ಬಂದು ಹತ್ತು ಸೀಸೆ ಮೂಸಿ ನೋಡೋ ಗಿರಾಕಿಗೆ ‘ಐ ಹ್ಯಾವ್ ಟು ಕ್ಲೋಸ್’ ಅನ್ನೋಕೆ ಬರದಿದ್ದರೆ, ಅವರು ನಿಮ್ಮ ಕ್ಲಾಸಿಗೆ ಟೈಮಿಗೆ ಬರೋದು ಹೇಗೆ?